ಜಾತ್ರೆಯಲ್ಲಿ ಕಂಡವಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ ಪರವಾಗಿ ವಕೀಲಿ ಮಾಡುವುದೆಂದರೆ ಹೇಗಿರುತ್ತದೆ, ನಮ್ಮ ಕಾಲೇಜಿನ ಕೊನೆಯ ವರ್ಷದವರಿಗಾಗಿ ನಾಲ್ಕು ಮಾತು ಬರೆದು ಕಳಿಸು ಎಂದು ನೀನು ಕೇಳಿ ಬಹಳ ದಿನವಾಯಿತು. ಹೇಗೂ ನೀನು ಇದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸುವವನೇ. ಅದಕ್ಕೇ ನಾನೇ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ಯಾವ ಹುಡುಗಿಯ ಊರು, ವರ್ಷ, ಗುರುತು ಇದರಲ್ಲಿಲ್ಲ; ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ನಮ್ಮಿಬ್ಬರಿಗಷ್ಟೇ ಗೊತ್ತಿರುವ ಆ ಹಸಿರು ಛತ್ರಿಯ ಪ್ರಸ್ತಾಪವೂ ಇಲ್ಲ, ನೀನು ಧೈರ್ಯವಾಗಿ ಓದಬಹುದು.

ಈ ಕೆಲಸದಲ್ಲಿ ಕೋರ್ಟಿನೊಳಗೆ ನಾವು ಮಾತನಾಡುವುದು ಕಡಿಮೆ ಎಂಬುದನ್ನು ಅವರಿಗೆ ಮೊದಲು ಹೇಳು. ಕ್ರಿಮಿನಲ್ ಪ್ರಕರಣ ನಡೆಸುವುದು ಸರ್ಕಾರಿ ಅಭಿಯೋಜಕರು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 40ನೆಯ ಕಲಮು ಮಗುವಿನ ಮನೆಯವರಿಗೆ ತಮ್ಮದೇ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ, ಕೈಲಾಗದವರಿಗೆ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಒದಗಿಸುತ್ತದೆ. ಹಾಗೆ ಬಂದ ನಾವು ಅಭಿಯೋಜಕರ ಪಕ್ಕದಲ್ಲಿ ಕುಳಿತು ನೆರವಾಗುತ್ತೇವೆ, ಆರೋಪಿಯ ಜಾಮೀನು ಅರ್ಜಿ ಬಂದಾಗ ಮಗುವಿನ ಭಯವನ್ನು ನ್ಯಾಯಾಧೀಶರ ಗಮನಕ್ಕೆ ತರುತ್ತೇವೆ, ಮಧ್ಯಂತರ ಪರಿಹಾರಕ್ಕೆ ಅರ್ಜಿ ಹಾಕಿ ಅದರ ಬೆನ್ನು ಹತ್ತುತ್ತೇವೆ. ಉಳಿದ ಹೊತ್ತೆಲ್ಲ ಠಾಣೆಯ ಬೆಂಚಿನ ಮೇಲೆ, ಆಸ್ಪತ್ರೆಯ ಕಾರಿಡಾರಿನಲ್ಲಿ, ತಾಯಂದಿರ ಪಕ್ಕದಲ್ಲಿ ಕಳೆಯುತ್ತದೆ.

ಆದರೂ ಒಂದು ದೃಶ್ಯವನ್ನು ಅವರು ಕಣ್ಣಾರೆ ನೋಡಬೇಕೆಂದು ನನ್ನ ಆಸೆ. ಪೋಕ್ಸೊ 2012ರ ನವೆಂಬರ್ 14ರಂದು ಜಾರಿಗೆ ಬಂದ ಮೇಲೆ ಆರೋಪಿಯ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವನ್ನು ಕೇಳಬೇಕು. "ಸದರಿ ದಿನಾಂಕದಂದು ಸಾಯಂಕಾಲ ನೀನು ಎಲ್ಲಿ ಹಾಜರಿದ್ದೆ" ಎಂಬ ಪ್ರಶ್ನೆ ಚೀಟಿಯಲ್ಲಿ ಹೋಗುತ್ತದೆ. ನ್ಯಾಯಾಧೀಶರು ಕನ್ನಡಕ ತೆಗೆದು, ಸ್ವಲ್ಪ ಮುಂದಕ್ಕೆ ಬಾಗಿ, "ಅವತ್ತ ಸಂಜಿಕಿ ನೀ ಎಲ್ಲಿದ್ದಿ ತಂಗಿ?" ಎನ್ನುತ್ತಾರೆ. ಪರದೆಯ ಆಚೆ ಆರೋಪಿ ಇದ್ದಾನೆ, ಮಗುವಿಗೆ ಕಾಣುವುದಿಲ್ಲ. ಆ ಪ್ರಶ್ನೆಗೂ ಮಗುವಿನ ಉತ್ತರಕ್ಕೂ ನಡುವಿನ ಮೌನವನ್ನು ಯಾರೂ ಅವಸರದಿಂದ ತುಂಬದಂತೆ ನೋಡಿಕೊಳ್ಳುವುದು ನನ್ನ ಮುಖ್ಯ ಕೆಲಸವೆಂದೇ ನಾನು ನಂಬಿದ್ದೇನೆ.

ನಮ್ಮ ಕಡೆ ಪ್ರಕರಣ ಸೋಲುವುದು ಪಾಟಿ ಸವಾಲಿನಲ್ಲಿ ಎಂದು ನಿನ್ನ ವಿದ್ಯಾರ್ಥಿಗಳು ತಿಳಿದಿರುತ್ತಾರೆ. ನಾನು ಕಂಡಂತೆ ಅದಕ್ಕಿಂತ ಹೆಚ್ಚಾಗಿ ಸೋಲುವುದು ಗುಳೆಯಲ್ಲಿ. ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಂಡ ಮೂವತ್ತು ದಿನಗಳೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು, ಸಾಧ್ಯವಾದಷ್ಟು ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು ಎಂದು ಪೋಕ್ಸೊದ 35ನೆಯ ಕಲಮು ಹೇಳುತ್ತದೆ. ಆದರೆ ತೊಗರಿ ರಾಶಿ ಮುಗಿದೊಡನೆ ಕುಟುಂಬ ಮುಂಬಯಿಗೋ ಪುಣೆಗೋ ಬೆಂಗಳೂರಿಗೋ ಕಟ್ಟಡದ ಕೆಲಸಕ್ಕೆ ಹೊರಟುಹೋಗುತ್ತದೆ, ಸಮನ್ಸು ಬೀಗ ಹಾಕಿದ ಬಾಗಿಲನ್ನು ನೋಡಿ ವಾಪಸು ಬರುತ್ತದೆ. ಒಂದು ತಾರೀಖಿಗೆ ಬಂದು ಹೋದರೆ ಅಪ್ಪ ಅವ್ವ ಇಬ್ಬರ ಹಲವು ದಿನದ ಕೂಲಿ ಹೋಯಿತು, ಮೇಸ್ತ್ರಿಯ ಮುಂಗಡ ಹಾಗೇ ಉಳಿಯಿತು. ಅಷ್ಟರಲ್ಲಿ ಊರಿನ ಹಿರಿಯರು ರಾಜಿಗೆ ಕೂಡಿಸಿರುತ್ತಾರೆ. ಮುಂದಿನ ತಾರೀಖಿಗೆ ಅವ್ವ ಕಟಕಟೆಯಲ್ಲಿ ನಿಂತು ತನಗೇನೂ ಗೊತ್ತಿಲ್ಲವೆನ್ನುತ್ತಾಳೆ, ದಾಖಲೆಯಲ್ಲಿ ಪ್ರತಿಕೂಲ ಸಾಕ್ಷಿ ಎಂದು ಬರೆಯುತ್ತಾರೆ. ಆ ತಾಯಿಯ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಬಸ್ಸಿನ ಛಾರ್ಜನ್ನೂ ದಿನದ ಕೂಲಿಯನ್ನೂ ಆಯಾ ದಿನವೇ ಕೈಗೆ ಕೊಡುವ ವ್ಯವಸ್ಥೆ ಇಲ್ಲದೆ ಸಾಕ್ಷಿ ಹೇಳಲು ಬಾ ಎನ್ನುವವರ ಮೇಲೆ ಬರುತ್ತದೆ.

ಇಷ್ಟಕ್ಕೇ ಪತ್ರ ಮುಗಿಸಬೇಕೆಂದಿದ್ದೆ. ಆದರೆ ಈ ವರ್ಷ ನಮ್ಮ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ನಡೆದದ್ದೊಂದು ನನ್ನನ್ನು ಬಿಡುತ್ತಿಲ್ಲ, ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಬಳೆ ಅಂಗಡಿಯೊಂದರ ಮುಂದೆ ಅವಳು ಕೂತಿದ್ದಳು. ಕೋರ್ಟಿಗೆ ಬಂದಾಗ ಪುಟ್ಟ ಹುಡುಗಿ. ಈಗ ಮೈತುಂಬ ಸೀರೆ, ಪಕ್ಕದಲ್ಲಿ ಅತ್ತೆಯಂತೆ ಕಾಣುವ ಹೆಂಗಸು. ಬಳೆಗಾರ್ತಿ ಅವಳ ಬೆರಳುಗಳನ್ನು ಕೂಡಿಸಿ ಹಿಸುಕಿ ಬಳೆ ಏರಿಸುತ್ತಿದ್ದಳು. ಹುಡುಗಿ ತಲೆ ಎತ್ತಿದಳು, ನನ್ನನ್ನು ನೋಡಿದಳು. ಗುರುತು ಸಿಕ್ಕಿತೆಂಬುದರಲ್ಲಿ ನನಗೆ ಸಂಶಯವಿಲ್ಲ. ಕೈ ಇನ್ನೊಬ್ಬರ ಹಿಡಿತದಲ್ಲಿದ್ದುದರಿಂದ ಎದ್ದು ಹೋಗಲೂ ಆಗುತ್ತಿರಲಿಲ್ಲ. ಮುಖ ತಿರುಗಿಸಿ ಬಳೆಗಾರ್ತಿಗೆ, "ಇನ್ನೊಂದ ಡಜನ್ ಹಸರ ಹಾಕ್ರಿ" ಎಂದಳು. ನಾನು ತೇರಿನ ಕಡೆಗೆ ನಡೆದೆ.

ಅವಳು ಮಾಡಿದ್ದು ಸರಿ. ನಮಸ್ಕಾರ ಮಾಡಿದ್ದರೆ ಪಕ್ಕದಲ್ಲಿದ್ದವರು "ಯಾರವರು?" ಎಂದು ಕೇಳುತ್ತಿದ್ದರು, ವಕೀಲರು ಎಂದರೆ "ಯಾವ ಕೇಸು?" ಎನ್ನುತ್ತಿದ್ದರು. ಇದೆಲ್ಲ ಆ ಕ್ಷಣದಲ್ಲೇ ನನಗೆ ತಿಳಿದಿತ್ತು. ಹಾಗಿದ್ದೂ ಎದೆಯಲ್ಲಿ ನೋವಾಯಿತು, ದೋಸ್ತ. ಜಮೀನಿನ ದಾವೆ ನಡೆಸುವ ನಮ್ಮ ಸ್ನೇಹಿತರ ಮನೆಗೆ ಹಳೆಯ ಕಕ್ಷಿದಾರರು ತೊಗರಿಬೇಳೆ ಹೊತ್ತು ತರುತ್ತಾರೆ, ಮಕ್ಕಳ ಮದುವೆಗೆ ಕರೆಯುತ್ತಾರೆ. ನನಗೆ ಅಂಥದ್ದು ಬೇಕಿಲ್ಲವೆಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಬೇಕಾಗಿತ್ತು. ಅವಳು ಒಮ್ಮೆ ನಕ್ಕಿದ್ದರೂ ಸಾಕಿತ್ತು. ಅವಳು ಮರೆಯಲು ಹೆಣಗುವುದನ್ನೆಲ್ಲ ನಾನು ನೆನಪಿನಲ್ಲಿ ಇಟ್ಟುಕೊಂಡು ಓಡಾಡುತ್ತೇನೆ. ಅವಳ ಹೇಳಿಕೆಯ ಸಾಲುಗಳು ಇಂದಿಗೂ ನನಗೆ ಬಾಯಿಪಾಠ. ನನ್ನನ್ನು ಕಂಡರೆ ಅವಳಿಗೆ ಯಾವ ದಿನಗಳು ನೆನಪಾಗುತ್ತವೆಂದು ಯೋಚಿಸುತ್ತ ಈಚೆಗೆ ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ. ಇದನ್ನು ಬರೆಯುವ ಉದ್ದೇಶ ಇರಲಿಲ್ಲ. ಬರೆದಾಯಿತು, ಇರಲಿ.

ಕಾನೂನು ಅಧ್ಯಾಪಕರಾದ ಉಪೇಂದ್ರ ಬಕ್ಷಿ, ವಸುಧಾ ಧಗಮ್ವಾರ್, ರಘುನಾಥ ಕೇಳ್ಕರ್, ಲೋತಿಕಾ ಸರ್ಕಾರ್ 1979ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಬಹಿರಂಗ ಪತ್ರವನ್ನು ನಾವಿಬ್ಬರೂ ಪೈಪೋಟಿಯ ಮೇಲೆ ಓದಿದ್ದು ನಿನಗೆ ನೆನಪಿರಬೇಕು. ಠಾಣೆಯಲ್ಲೇ ಅತ್ಯಾಚಾರಕ್ಕೊಳಗಾದ ಆದಿವಾಸಿ ಹುಡುಗಿಯ ಪ್ರಕರಣದಲ್ಲಿ ಪೊಲೀಸರು ಬಿಡುಗಡೆಯಾದುದನ್ನು ಅದು ಪ್ರಶ್ನಿಸಿತ್ತು, ಅಲ್ಲಿಂದ ಎದ್ದ ಚಳವಳಿ 1983ರ ತಿದ್ದುಪಡಿಗೆ ದಾರಿಯಾಯಿತು. ಸಂತ್ರಸ್ತೆಯ ಹೆಸರು ಬಹಿರಂಗಪಡಿಸುವುದನ್ನು ಅಪರಾಧವೆಂದ ಭಾರತೀಯ ದಂಡ ಸಂಹಿತೆಯ 228-ಎ ಕಲಮು ಬಂದದ್ದೂ ಅದೇ ತಿದ್ದುಪಡಿಯಿಂದ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮು. ಆದರೆ ಆ ಪ್ರಕರಣವನ್ನು ದೇಶವೆಲ್ಲ ಇವತ್ತಿಗೂ ಆ ಹುಡುಗಿಯ ಹೆಸರಿನಿಂದಲೇ ಕರೆಯುತ್ತದೆ. ಗುರುತಿಲ್ಲದೆ ಬದುಕುವ ಹಕ್ಕು ಅವಳಿಗೆ ಸಿಗಲಿಲ್ಲ. ಜಾತ್ರೆಯ ಹುಡುಗಿಗೆ ಸಿಕ್ಕಿದೆ, ಅದನ್ನು ಅವಳು ನನ್ನ ಮೇಲೆಯೇ ಚಲಾಯಿಸಿದಳು. ಅದರಲ್ಲಿ ನನ್ನ ಪಾಲೂ ಸ್ವಲ್ಪ ಇದೆಯೆಂದು ನಾನು ಸಂತೋಷಪಡಬೇಕು. ಕೆಲವು ದಿನ ಪಡುತ್ತೇನೆ.

ಇನ್ನು ಕೆಲಸದ ಮಾತು. ನಿನ್ನ ತರಗತಿಯಲ್ಲಿ ಲಂಬಾಣಿ ಮಾತನಾಡಬಲ್ಲ ಹುಡುಗಿಯರಿದ್ದರೆ ಓದು ಮುಗಿದ ಕೂಡಲೇ ನನ್ನಲ್ಲಿಗೆ ಕಳಿಸು. ದುಭಾಷಿಯ ನೆರವು ಪಡೆಯಲು ಪೋಕ್ಸೊದ 38ನೆಯ ಕಲಮಿನಲ್ಲಿ ಅವಕಾಶವಿದೆ, ಆದರೆ ತಾಂಡಾದ ಮಗು ತನ್ನ ಮನೆಮಾತಿನಲ್ಲಿ ಅರ್ಧ ಹೇಳಿ ನಿಲ್ಲಿಸಿದಾಗ ಅದರ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಬಲ್ಲ ವಕೀಲರು ನಮಗೆ ತೀರ ಕಡಿಮೆ. ಉರ್ದು, ತೆಲುಗು, ಮರಾಠಿ ಬಲ್ಲವರೂ ಬೇಕು. ಹೈಕೋರ್ಟ್ ಪೀಠ 2013ರಿಂದ ಇಲ್ಲಿಯೇ ಕಾಯಂ ಆಗಿದೆ, ಮೇಲ್ಮನವಿಗೆಂದು ರಾತ್ರಿಯಿಡೀ ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಿಲ್ಲ, ಕಲಿಯುವುದಕ್ಕೆ ಕಲಬುರಗಿಯಲ್ಲೇ ಬೇಕಾದಷ್ಟಿದೆ. ಸಂಬಳದ ವಿಷಯ ನಾನೇ ಅವರೊಂದಿಗೆ ಮಾತನಾಡುತ್ತೇನೆ, ನೀನು ನಡುವೆ ಬಾಯಿ ಹಾಕಬೇಡ.

ನೀನೂ ಒಮ್ಮೆ ಬಾ. ಅವ್ವ ಸಜ್ಜೆರೊಟ್ಟಿ, ಶೇಂಗಾ ಹಿಂಡಿ ಮಾಡಿಟ್ಟಿರುತ್ತಾಳೆ. ಛತ್ರಿ ಮಾತ್ರ ತರಬೇಡ.

ನಿನ್ನ ಗೆಳತಿ,
ಕಲಬುರಗಿ