ಗೆಳೆಯನಿಗೊಂದು ಪತ್ರ: ಆರ್‌ಎನ್‌ಎ ವೈರಸ್ ನಕಲಾಗುವ ಜಾಗ

ಪ್ರಿಯ ಗೆಳೆಯ,

ಆರ್‌ಎನ್‌ಎ ವೈರಸ್ ಜೀವಕೋಶದಲ್ಲಿ ಎಲ್ಲಿ ನಕಲಾಗುತ್ತದೆ, ಅದನ್ನು ಪ್ರಯೋಗದಲ್ಲಿ ನೋಡುವುದು ಹೇಗೆ ಎಂದು ನೀನು ಕೇಳಿದ್ದೆ. ಪಠ್ಯಪುಸ್ತಕ ‘ಸೈಟೋಪ್ಲಾಸಂನಲ್ಲಿ’, ಅಂದರೆ ನ್ಯೂಕ್ಲಿಯಸ್ಸಿನ ಹೊರಗಿನ ಕೋಶದ್ರವದಲ್ಲಿ, ಎಂದು ಹೇಳಿ ಮುಗಿಸುತ್ತದೆ. ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ಮುಖ್ಯ ವಿಷಯವೇ ಕೈತಪ್ಪುತ್ತದೆ. ಯಾವ ಪೊರೆಯಲ್ಲಿ, ಯಾವ ಮರೆಯಲ್ಲಿ ಎಂಬುದನ್ನು ಕೇಳಬೇಕು.

ಮರೆ ಯಾಕೆ ಬೇಕು ನೋಡು. ಒಂದು ಎಳೆಯ ಆರ್‌ಎನ್‌ಎಯನ್ನು ನಕಲು ಮಾಡುವಾಗ ನಡುವೆ ಜೋಡಿ ಎಳೆ ಹುಟ್ಟುತ್ತದೆ. ಆರೋಗ್ಯವಂತ ಕೋಶದ ಸೈಟೋಪ್ಲಾಸಂನಲ್ಲಿ ಉದ್ದನೆಯ ಜೋಡಿ ಎಳೆ ಇರುವುದು ಅಪರೂಪ. ಕಂಡರೆ ಎಂಡಿಎ5, ಪಿಕೆಆರ್‌ನಂಥ ಕಾವಲು ಪ್ರೋಟೀನುಗಳು ಎಚ್ಚೆತ್ತು, ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಸಂಕೇತ ಹೊರಡುತ್ತದೆ, ಪ್ರೋಟೀನ್ ತಯಾರಿಕೆ ನಿಲ್ಲುತ್ತದೆ. ಅದಕ್ಕೇ ಧನ ಎಳೆಯ ವೈರಸ್‌ಗಳು (ಇವುಗಳ ಆರ್‌ಎನ್‌ಎಯಿಂದ ನೇರವಾಗಿ ಪ್ರೋಟೀನ್ ತಯಾರಾಗುತ್ತದೆ) ಕೋಶದ ಪೊರೆಯನ್ನೇ ಬಗ್ಗಿಸಿ ಕೋಣೆ ಕಟ್ಟಿಕೊಳ್ಳುತ್ತವೆ. ಡೆಂಗಿ ವೈರಸ್ ಕೋಶದೊಳಗಿನ ಪೊರೆಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನ ಪೊರೆಯನ್ನು ಒಳಮುಖವಾಗಿ ತಳ್ಳುತ್ತದೆ. ಆಗ ಸುಮಾರು 90 ನ್ಯಾನೋಮೀಟರ್ ಅಗಲದ, ಕಿರುಬಾಯಿಯ ಹೂಜಿಯಂಥ ಗುಳಿಗಳು ಮೂಡುತ್ತವೆ. ಬಾಯಿಯ ಅಗಲ ಸುಮಾರು 10 ನ್ಯಾನೋಮೀಟರ್ ಮಾತ್ರ. ಚಿಕುನ್‌ಗುನ್ಯಾ ಇದೇ ಕೆಲಸವನ್ನು ಕೋಶದ ಹೊರಪೊರೆಯಲ್ಲಿ ಮಾಡುತ್ತದೆ, ಕೀಟಗಳ ಫ್ಲಾಕ್ ಹೌಸ್ ವೈರಸ್ ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ.

ಕೊರೊನಾ ವೈರಸ್‌ನದು ಎರಡು ಪೊರೆಗಳ ಚೀಲ. ಒಳಗೆ ಜೋಡಿ ಎಳೆ ತುಂಬಿರುವುದು ಕಾಣುತ್ತಿತ್ತು, ಬಾಗಿಲು ಮಾತ್ರ ಕಾಣುತ್ತಿರಲಿಲ್ಲ. ಬಾಗಿಲಿಲ್ಲದಿದ್ದರೆ ಹೊಸ ಆರ್‌ಎನ್‌ಎ ಪ್ರೋಟೀನ್ ತಯಾರಿಸುವ ರೈಬೋಸೋಮ್ ತಲುಪುವುದು ಹೇಗೆ? ಈ ಅನುಮಾನ ಹತ್ತು ವರ್ಷಕ್ಕೂ ಮೀರಿ ಉಳಿಯಿತು. 2020ರಲ್ಲಿ, ರಾಸಾಯನಿಕಗಳನ್ನು ಬಳಸದೆ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿದ ಕೋಶಗಳನ್ನು ಕ್ರಯೋ ಟೊಮೊಗ್ರಫಿಯಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂರು ಆಯಾಮದ ಚಿತ್ರಣ) ನೋಡಿದಾಗ, ಎರಡೂ ಪೊರೆಗಳನ್ನು ಹಾಯುವ ಆರು ಭಾಗಗಳ ರಂಧ್ರ ಸಿಕ್ಕಿತು. ವೈರಸ್ಸಿನ ಎನ್‌ಎಸ್‌ಪಿ3 ಅದರ ಮುಖ್ಯ ಪ್ರೋಟೀನು. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಶೋಧ ಇದು.

ಋಣ ಎಳೆಯ ವೈರಸ್‌ಗಳ (ಇವುಗಳ ಆರ್‌ಎನ್‌ಎಗೆ ಮೊದಲು ಪೂರಕ ಎಳೆ ತಯಾರಾಗಬೇಕು) ದಾರಿ ಸಾಮಾನ್ಯವಾಗಿ ಬೇರೆ. ಅವುಗಳ ಜೀನೋಮ್ ಸದಾ ನ್ಯೂಕ್ಲಿಯೋಪ್ರೋಟೀನಿನಲ್ಲಿ ಸುತ್ತಿಕೊಂಡಿರುವುದರಿಂದ ಬೆತ್ತಲೆ ಜೋಡಿ ಎಳೆ ಹೆಚ್ಚು ಸಿಗುವುದಿಲ್ಲ, ಪೊರೆಯ ಕೋಣೆಯೂ ಬೇಕಿಲ್ಲ. ರೇಬಿಸ್‌ನಲ್ಲಿ 1903ರಲ್ಲೇ ವರ್ಣಿಸಿದ ನೆಗ್ರಿ ಕಾಯಗಳು ಪೊರೆಯಿಲ್ಲದ ದ್ರವಬಿಂದುಗಳು, ನಕಲು ನಡೆಯುವುದು ಅವುಗಳೊಳಗೆ.

ಋಣ ಎಳೆಯದೇ ಆದರೂ ಇನ್‌ಫ್ಲುಯೆಂಜಾ ನ್ಯೂಕ್ಲಿಯಸ್ಸಿಗೇ ಹೋಗುತ್ತದೆ. ಆರ್‌ಎನ್‌ಎಯ ತುದಿಗೆ ಬೇಕಾದ ಟೋಪಿ, ಅಂದರೆ ಕ್ಯಾಪ್, ಅದಕ್ಕೆ ಸ್ವಂತವಾಗಿ ಕಟ್ಟಲು ಬಾರದು. ನ್ಯೂಕ್ಲಿಯಸ್ಸಿನಲ್ಲಿ ಆಗಷ್ಟೇ ಹುಟ್ಟುತ್ತಿರುವ ಆತಿಥೇಯ ಕೋಶದ ಆರ್‌ಎನ್‌ಎಯಿಂದ 10ರಿಂದ 13 ನ್ಯೂಕ್ಲಿಯೊಟೈಡ್‌ಗಳ ತುದಿಯನ್ನು ಕ್ಯಾಪ್ ಸಮೇತ ಕತ್ತರಿಸಿಕೊಳ್ಳುತ್ತದೆ. ಆರ್‌ಎನ್‌ಎಯನ್ನು ಕತ್ತರಿಸಿ ಜೋಡಿಸುವ ಸ್ಪ್ಲೈಸಿಂಗ್ ಯಂತ್ರವೂ ಅಲ್ಲೇ ಇದೆ.

ಈಗ ನಿನ್ನ ಪ್ರಯೋಗ. ಜೋಡಿ ಎಳೆಗೆ ಅಂಟುವ ಜೆ2 ಆಂಟಿಬಾಡಿ ಮಿನುಗಿದ ಕಡೆಯೆಲ್ಲ ನಕಲು ನಡೆಯುತ್ತಿದೆ ಎಂದುಕೊಳ್ಳಬೇಡ. ಅದು ಕನಿಷ್ಠ 40 ಬೇಸ್ ಜೋಡಿಯಷ್ಟು ಉದ್ದದ ಜೋಡಿ ಎಳೆಯನ್ನು ಗುರುತಿಸುತ್ತದೆ, ಕೆಲಸ ಮುಗಿದ ಮೇಲೆ ಉಳಿದಿರುವುದನ್ನೂ ಸೇರಿಸಿ. ರೇಬಿಸ್‌ನಂಥವುಗಳಲ್ಲಿ ಏನೂ ಕಾಣದೆ ಹೋಗಬಹುದು. ಪೊರೆಯ ಮರೆಯಲ್ಲಿದೆಯೇ ಎಂದು ತಿಳಿಯಲು ಆಂಟಿಬಾಡಿ ಹಾಕುವ ಮುನ್ನ ಒಂದು ತಟ್ಟೆಗೆ ಡಿಜಿಟೋನಿನ್, ಇನ್ನೊಂದಕ್ಕೆ ಟ್ರೈಟಾನ್ ಹಾಕು, ಎರಡೂ ಪೊರೆಯನ್ನು ತೂತು ಮಾಡುವ ದ್ರಾವಕಗಳು. ಕಡಿಮೆ ಡಿಜಿಟೋನಿನ್ ಕೊಲೆಸ್ಟರಾಲ್ ಹೆಚ್ಚಿರುವ ಹೊರಪೊರೆಯನ್ನಷ್ಟೇ ತೂತು ಮಾಡುತ್ತದೆ, ಟ್ರೈಟಾನ್ ಒಳಪೊರೆಗಳನ್ನೂ. ಟ್ರೈಟಾನ್‌ನಲ್ಲಿ ಮಾತ್ರ ಬೆಳಕು ಬಂದರೆ ಗುರಿ ಒಳಕೋಣೆಯಲ್ಲಿದೆ.

ಹೊಸದಾಗಿ ಹುಟ್ಟುವ ಆರ್‌ಎನ್‌ಎಯನ್ನೇ ಹಿಡಿಯಬೇಕಾದರೆ ಎಥಿನೈಲ್ ಯೂರಿಡಿನ್ ಎಂಬ, ಆರ್‌ಎನ್‌ಎಯಲ್ಲಿ ಸೇರಿಕೊಳ್ಳುವ ಗುರುತು ಕೊಡು, ಅದು ತಾನೇ ಕೋಶದೊಳಗೆ ಹೋಗುತ್ತದೆ. ಇಂಥದೇ ಗುರುತಾದ ಬ್ರೋಮೋ ಯುಟಿಪಿಯಾದರೆ ಟ್ರಾನ್ಸ್‌ಫೆಕ್ಷನ್, ಅಂದರೆ ಕೋಶದೊಳಗೆ ಸೇರಿಸುವ ಪ್ರಕ್ರಿಯೆ, ಬೇಕು. ಲೇಬಲ್ ಹಾಕುವ ಹೊತ್ತು ಆದಷ್ಟು ಚಿಕ್ಕದಿರಲಿ, ತಡವಾದರೆ ಆರ್‌ಎನ್‌ಎ ಹುಟ್ಟಿದ ಜಾಗ ಬಿಟ್ಟು ಹೊರಟಿರುತ್ತದೆ. ಕೋಶದ ಸ್ವಂತ ಆರ್‌ಎನ್‌ಎ ಅಡ್ಡಬರದಂತೆ ಮೊದಲೇ ಆಕ್ಟಿನೋಮೈಸಿನ್ ಡಿ ಹಾಕುತ್ತಾರೆ, ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಸಾಮಾನ್ಯ ಪ್ರಮಾಣ. ಅದು ಡಿಎನ್‌ಎಗೆ ಅಂಟಿಕೊಳ್ಳುವುದರಿಂದ ಡೆಂಗಿ, ಕೊರೊನಾಗಳಲ್ಲಿ ವೈರಸ್ಸಿನ ಆರ್‌ಎನ್‌ಎ ಎಂದಿನಂತೆ ತಯಾರಾಗುತ್ತಿರುತ್ತದೆ. ಇನ್‌ಫ್ಲುಯೆಂಜಾದಲ್ಲಿ ಇದನ್ನು ಮಾಡಬೇಡ. ಕೋಶದ ಆರ್‌ಎನ್‌ಎ ನಿಂತರೆ ಕದಿಯಲು ಕ್ಯಾಪ್ ಸಿಗದು, ವೈರಸ್ಸೂ ನಿಲ್ಲುತ್ತದೆ. ಖಾಲಿ ನ್ಯೂಕ್ಲಿಯಸ್ ನೋಡಿ ‘ಇಲ್ಲಿ ನಕಲಿಲ್ಲ’ ಎಂದು ಬರೆದುಬಿಡುವ ಅಪಾಯವಿದೆ. ಅಲ್ಲಿ ಧನ, ಋಣ ಎಳೆಗಳನ್ನು ಬೇರೆ ಬೇರೆ ಗುರುತಿಸುವ ಪ್ರೋಬ್‌ಗಳಿಂದ ಫಿಶ್ (ಹೊಳೆಯುವ ಪ್ರೋಬ್‌ಗಳು ಆರ್‌ಎನ್‌ಎಗೆ ಅಂಟಿ ಜಾಗ ತೋರಿಸುವ ವಿಧಾನ) ಮಾಡು.

ಪ್ರೀತಿಯಿಂದ,
ನಿನ್ನ ಗೆಳೆಯ