ಆರನೇ ಕ್ಲಾಸಿನವರಿಗೆ ಕಪಾಟಿನಲ್ಲಿ ಏನಿದೆ?

ಮಾನ್ಯ ಸಂಪಾದಕರೇ,

‘ಈಗಿನ ಮಕ್ಕಳು ಕನ್ನಡ ಪುಸ್ತಕ ಮುಟ್ಟುವುದಿಲ್ಲ’ ಎಂಬ ದೂರು ಶಾಲೆ ಶುರುವಾಗುವ ಹೊತ್ತಿಗೆ ಓದುಗರ ಪತ್ರಗಳಲ್ಲಿ ಬಂದೇ ಬರುತ್ತದೆ. ಮುಟ್ಟುವುದಿಲ್ಲ, ನಿಜ. ಮುಟ್ಟಲಿಕ್ಕೆ ನಾವು ಇಟ್ಟದ್ದಾದರೂ ಏನು? ಮಂಗಳೂರು, ಉಡುಪಿ ಕಡೆಯ ಎಷ್ಟೋ ಶಾಲೆಗಳ ಕಪಾಟು ತೆರೆದರೆ ಒಂದು ಬದಿಯಲ್ಲಿ ಹದಿನಾರು ಪುಟದ ಚಿತ್ರಪುಸ್ತಕಗಳು, ಇನ್ನೊಂದು ಬದಿಯಲ್ಲಿ ದೊಡ್ಡವರ ಕಾದಂಬರಿಗಳು, ಮಹಾಪುರುಷರ ಜೀವನಚರಿತ್ರೆಗಳು, ಯಾರೋ ಮನೆ ಖಾಲಿ ಮಾಡುವಾಗ ದಾನ ಕೊಟ್ಟ ಹಳೇ ಗೈಡುಗಳು. ಐದನೇ ಕ್ಲಾಸು ದಾಟಿದ ಮಗುವಿಗೆ ಮೊದಲಿನದ್ದು ಸಣ್ಣದಾಯಿತು, ಎರಡನೆಯದ್ದು ಇನ್ನೂ ಎಟುಕುವುದಿಲ್ಲ. ಒಂಬತ್ತರಿಂದ ಹದಿನೈದು ವರ್ಷದವರ ಆ ನಡುವಿನ ಖಾನೆ ಖಾಲಿ.

ಅದನ್ನು ತುಂಬುವಂಥ ಪುಸ್ತಕಗಳೇ ಕನ್ನಡದಲ್ಲಿ ಇಲ್ಲ ಎನ್ನುವಂತಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿಯನ್ನೇ ನೋಡಿ. 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’. ಮೂರೂ ಕಾದಂಬರಿಗಳು. ಆಮೇಲಿನ ಎರಡು ವರ್ಷ ಕೃಷ್ಣಮೂರ್ತಿ ಬಿಳಿಗೆರೆ ಅವರ ‘ಛೂಮಂತ್ರಯ್ಯನ ಕಥೆಗಳು’, ಕೆ. ಶಿವಲಿಂಗಪ್ಪ ಹಂದಿಹಾಳ ಅವರ ‘ನೋಟ್‌ಬುಕ್’ ಎಂಬ ಕಥಾಸಂಕಲನಗಳಿಗೆ ಪುರಸ್ಕಾರ ಬಂತು. ಪ್ರಶಸ್ತಿ ಬಂದದ್ದೆಲ್ಲ ಮಕ್ಕಳಿಗೆ ಹಿಡಿಸಬೇಕೆಂದಿಲ್ಲ, ಆದರೆ ಹುಡುಕಾಟಕ್ಕೆ ಇದಕ್ಕಿಂತ ಸುಲಭದ ಬಾಗಿಲಿಲ್ಲ. ಕಥಾಸಂಕಲನ ತರಗತಿಯಲ್ಲಿ ಗಟ್ಟಿಯಾಗಿ ಓದಲು ಒಳ್ಳೆಯದು, ಒಂದು ಪೀರಿಯಡ್‌ನಲ್ಲಿ ಒಂದು ಕಥೆ ಮುಗಿಯುತ್ತದೆ. ಮನೆಗೆ ಕೊಂಡುಹೋಗಲು ಕಾದಂಬರಿಯೇ ಬೇಕು. ಹನ್ನೊಂದರ ಮಗು ಪುಸ್ತಕದೊಳಗಿನ ಒಬ್ಬ ಹುಡುಗನ ಜತೆ ಹತ್ತು ದಿನ ಇರಲು ಬಯಸುತ್ತದೆ. ಎಂಟು ಪುಟಕ್ಕೊಮ್ಮೆ ಹೊಸಬರ ಪರಿಚಯ ಮಾಡಿಸಿದರೆ ಅದಕ್ಕೆ ಬೇಸರ.

ಕೊಳ್ಳುವ ಮೊದಲು ಮುಖಪುಟ ನೋಡಿ ಮೋಸಹೋಗಬೇಡಿ, ನಡುವಿನ ಪುಟ ತೆರೆಯಿರಿ. ಡೆಮಿ 1/8 ಆಕಾರದ, ಅಂದರೆ ಸಾಮಾನ್ಯ ಕಾದಂಬರಿಯ ಅಳತೆಯ, ಪುಸ್ತಕದಲ್ಲಿ ಅಕ್ಷರ 14 ಪಾಯಿಂಟ್ ಇದ್ದು ಪುಟಕ್ಕೆ 24–25 ಸಾಲು ಇದ್ದರೆ ಆರನೇ ಕ್ಲಾಸಿನವರು ಆರಾಮವಾಗಿ ಓದುತ್ತಾರೆ. ಕಾಗದ ಉಳಿಸಲು 11 ಪಾಯಿಂಟಿಗೆ ಇಳಿಸಿ 34 ಸಾಲು ತುರುಕಿದ್ದರೆ ಅದು ಎಷ್ಟೇ ಒಳ್ಳೆಯ ಕಥೆಯಾದರೂ ಕಪಾಟಿನಲ್ಲೇ ಉಳಿಯುತ್ತದೆ. ಕನ್ನಡಕ್ಕೆ ಸಾಲಿನ ಕೆಳಗೆ ಒತ್ತು, ಮೇಲೆ ಗುಡಿಸು. ‘ಸ್ವಾತಂತ್ರ್ಯ’, ‘ರಾಷ್ಟ್ರ’ದಂಥ ಎರಡೆರಡು ಒತ್ತಿನ ಪದ ಹುಡುಕಿ ನೋಡಿ. ಅದರ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವಂತಿದ್ದರೆ ಓದುವ ಮಗು ಸಾಲು ತಪ್ಪುತ್ತದೆ, ಓದಿದ್ದನ್ನೇ ಮತ್ತೆ ಓದುತ್ತದೆ, ಕೊನೆಗೆ ಪುಸ್ತಕ ಮುಚ್ಚುತ್ತದೆ. ದೊಡ್ಡವರು ಅದಕ್ಕೆ ‘ಓದುವ ಆಸಕ್ತಿಯಿಲ್ಲ’ ಎಂದು ಹೆಸರಿಡುತ್ತಾರೆ. ನಮ್ಮಲ್ಲಿ ಮನೆಯ ಮಾತು ತುಳು, ಕೊಂಕಣಿ, ಬ್ಯಾರಿ ಆಗಿರುವ ಮಕ್ಕಳೇ ಬಹಳ. ಅವರಿಗೆ ಕನ್ನಡ ಓದುವುದೇ ಒಂದು ಕೆಲಸವಾಗಿರುವಾಗ ಅಚ್ಚಿನ ಕಾಟವೂ ಸೇರಬಾರದು.

ಹದಿನಾಲ್ಕು ದಾಟಿದವರಿಗೆಂದೇ ಬರೆದ ಕಾದಂಬರಿ ಕನ್ನಡದಲ್ಲಿ ಕಡಿಮೆ, ಇದನ್ನು ಒಪ್ಪಲೇಬೇಕು. ದೊಡ್ಡವರ ಖಾನೆಯಿಂದ ಆರಿಸಿ ಕೊಡುವುದೊಂದೇ ದಾರಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಹೊಸದೇನಲ್ಲ, 1980ರದ್ದು. ಆದರೆ ಹಾರುವ ಓತಿಯ ಬೆನ್ನು ಹತ್ತಿದ ಆ ತಂಡ ಒಂಬತ್ತನೇ ಕ್ಲಾಸಿನವರನ್ನು ಇವತ್ತಿಗೂ ಎಳೆದುಕೊಳ್ಳುತ್ತದೆ. ಸೈಬೀರಿಯದ ಸೆರೆ ಶಿಬಿರದಿಂದ ತಪ್ಪಿಸಿಕೊಂಡು ನಡೆದೇ ಬರುವವರ ‘ಮಹಾಪಲಾಯನ’ವೂ ಹಾಗೆಯೇ. ಪಠ್ಯದಲ್ಲಿ ಪಾಠವಾಗಿ ಬರುವ ಮೊದಲೇ ಇಂಥವು ಕೈಗೆ ಸಿಗಬೇಕು, ಪ್ರಶ್ನೋತ್ತರ ಅಂಟಿಕೊಂಡ ಮೇಲೆ ರುಚಿ ಕೆಡುತ್ತದೆ.

ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಮೂರು ಹೆಸರು. ವೀರಾ ಹಿರಾನಂದಾನಿ ಅವರ ‘ದಿ ನೈಟ್ ಡೈರಿ’ 2018ರಲ್ಲಿ ಬಂತು. ದೇಶವಿಭಜನೆಯ ವರ್ಷ ಮೀರ್‌ಪುರ್ ಖಾಸ್ ಬಿಟ್ಟು ಹೊರಡಬೇಕಾದ ಹನ್ನೆರಡರ ನಿಶಾ ತೀರಿಹೋದ ತಾಯಿಗೆ ದಿನಾ ಪತ್ರ ಬರೆಯುತ್ತಾಳೆ. ತಾಯಿ ಮುಸ್ಲಿಂ, ತಂದೆ ಹಿಂದೂ. ಅವಳಿ ಸೋದರ ಅಮಿಲ್‌ಗೆ ಓದು ಹತ್ತುವುದಿಲ್ಲ, ಚಿತ್ರ ಬರೆಯುವುದರಲ್ಲಿ ಗಟ್ಟಿಗ. ಏಳು, ಎಂಟನೇ ಕ್ಲಾಸಿಗೆ ಸರಿ. ಪೀಟರ್ ಬ್ರೌನ್ ಅವರ ‘ದಿ ವೈಲ್ಡ್ ರೋಬೋಟ್’ನಲ್ಲಿ 80 ಪುಟ್ಟ ಪುಟ್ಟ ಅಧ್ಯಾಯಗಳು, ನಿಧಾನ ಓದುವವರಿಗೂ ದಿನಕ್ಕೆರಡು ಮುಗಿಸಿದ ಖುಷಿ ಸಿಗುತ್ತದೆ. ಮೂರನೆಯದು ಜೆರ್ರಿ ಕ್ರಾಫ್ಟ್ ಅವರ ‘ನ್ಯೂ ಕಿಡ್’. ಕಾಮಿಕ್ಸ್ ಎಂದರೆ ಮೂಗು ಮುರಿಯುವ ಶಿಕ್ಷಕರು ಗಮನಿಸಬೇಕು, 2020ರಲ್ಲಿ ಮಕ್ಕಳ ಸಾಹಿತ್ಯಕ್ಕೆ ಕೊಡುವ ಅಮೆರಿಕದ ನ್ಯೂಬೆರಿ ಪದಕ ಪಡೆದು, ಆ ಪದಕ ಗೆದ್ದ ಮೊದಲ ಗ್ರಾಫಿಕ್ ಕಾದಂಬರಿ ಆದದ್ದು ಇದೇ.

ಇನ್ನು ಲೆಕ್ಕ. ಹತ್ತು ಸಾವಿರ ರೂಪಾಯಿ ಇದೆ, ಕನ್ನಡ ಪುಸ್ತಕವೊಂದಕ್ಕೆ ಸರಾಸರಿ 150 ಎಂದು ಇಟ್ಟುಕೊಳ್ಳಿ. ಸಾಮಾನ್ಯವಾಗಿ ಮಾಡುವ ತಪ್ಪು, ಅರವತ್ತಾರು ಬೇರೆ ಬೇರೆ ಪುಸ್ತಕ ತರುವುದು. ಪಟ್ಟಿ ಉದ್ದ ಕಾಣುತ್ತದೆ, ಓದು ಹರಡುವುದಿಲ್ಲ. ಈ ವಯಸ್ಸಿನವರು ಗೆಳತಿ ಓದಿದ್ದನ್ನೇ ಓದುವವರು. ಅವಳು ಮುಗಿಸಿ ಕೊಡುವವರೆಗೆ ಕಾಯುವ ಹೊತ್ತಿಗೆ ಆಸೆ ಆರಿಹೋಗಿರುತ್ತದೆ. ಇಪ್ಪತ್ತು ಪುಸ್ತಕ ಆರಿಸಿ, ತಲಾ ಮೂರು ಪ್ರತಿ ತನ್ನಿ, 9,000 ಆಯಿತು. ಉಳಿದ ಸಾವಿರದಲ್ಲಿ ತರಕಾರಿ ಅಂಗಡಿಯವರು ಇಡುವಂಥ ಪ್ಲಾಸ್ಟಿಕ್ ಟ್ರೇ ಕೊಳ್ಳಿ. ನೂರು ಪುಟದ ಪುಸ್ತಕದ ಬೆನ್ನು ಬೆರಳಿನಷ್ಟೂ ದಪ್ಪವಿರುವುದಿಲ್ಲ, ಸಾಲಾಗಿ ನಿಲ್ಲಿಸಿದರೆ ಮಾಯ. ಟ್ರೇಯಲ್ಲಿ ಮುಖಪುಟ ಕಾಣುವಂತೆ ಒರಗಿಸಿಟ್ಟರೆ ಕೈ ತಾನಾಗಿ ಹೋಗುತ್ತದೆ. ವಾರದೊಳಗೆ ಮರಳಿಸಬೇಕೆಂಬ ನಿಯಮವನ್ನೂ ಬಿಡಿ. ದಿನಕ್ಕೆ ಹತ್ತು ಪುಟ ಓದುವವನಿಗೆ 120 ಪುಟಕ್ಕೆ ಹನ್ನೆರಡು ದಿನ ಬೇಕು. ಹದಿನಾಲ್ಕು ದಿನ ಕೊಡಿ.

ನಮ್ಮ ಊರಿನ ಮಳೆಯ ಬಗ್ಗೆ ಪ್ರಕಾಶಕರು ಯೋಚಿಸಿದಂತಿಲ್ಲ. ಈಗಿನ ಹೆಚ್ಚಿನ ಪುಸ್ತಕಗಳಿಗೆ ಹೊಲಿಗೆಯಿಲ್ಲ, ಬೆನ್ನಿಗೆ ಬರೀ ಅಂಟು. ಹೊಸದನ್ನು ನಡುವೆ ಬಿಡಿಸಿ ಒತ್ತಿದರೆ ಅಂಟು ಅಲ್ಲೇ ಸೀಳುತ್ತದೆ, ಆಟಿ (ತುಳುವರ ಜಡಿಮಳೆಯ ತಿಂಗಳು) ಮುಗಿಯುವಾಗ ಪುಟಗಳು ಕೈಗೆ ಬರುತ್ತವೆ. ಕೊಡುವ ಮೊದಲು ಪುಸ್ತಕವನ್ನು ಮೇಜಿನ ಮೇಲೆ ಬೆನ್ನೂರಿ ನಿಲ್ಲಿಸಿ, ಮುಂದಿನಿಂದ ಹತ್ತು ಪುಟ, ಹಿಂದಿನಿಂದ ಹತ್ತು ಪುಟ, ಹೀಗೆ ಎರಡೂ ಕಡೆಯಿಂದ ನಡುವಿನವರೆಗೆ ಮೆಲ್ಲನೆ ಒತ್ತುತ್ತಾ ಬನ್ನಿ. ಕಿತ್ತ ಪುಟಕ್ಕೆ ಸೆಲೋಟೇಪ್ ಬೇಡ, ಅದು ಹಳದಿಯಾಗಿ ಉದುರುತ್ತದೆ. ಅಂಚಿಗೆ ಫೆವಿಕಾಲ್‌ನ ತೆಳು ಗೆರೆ ಎಳೆದು, ಕೂರಿಸಿ, ರಾತ್ರಿಯಿಡೀ ಭಾರ ಹೇರಿ. ಸ್ಟೀಲ್ ಕಪಾಟನ್ನು ಗೋಡೆಯಿಂದ ಅರ್ಧ ಅಡಿ ದೂರ ಇಡಿ, ಪುಸ್ತಕ ಒತ್ತೊತ್ತಾಗಿ ತುಂಬಬೇಡಿ, ಮಳೆಗಾಲದಲ್ಲಿ ಬೀಗ ಹಾಕಿ ಮರೆಯಬೇಡಿ. ಬೂಸ್ಟು ಬಂದರೆ ಬಿಸಿಲಿಗೆ ಹರಡುವುದೂ ತಪ್ಪು, ಕಾಗದ ಸುರುಟುತ್ತದೆ. ಮಳೆ ಬಿಟ್ಟ ದಿನ ಜಗಲಿಯಲ್ಲಿ ಒಣ ಬಟ್ಟೆಯಿಂದ ಒರೆಸಿ, ಪುಟ ಬಿಡಿಸಿ ಫ್ಯಾನಿನ ಕೆಳಗೆ ನಿಲ್ಲಿಸಿದರೆ ಸಾಕು. ಮಕ್ಕಳು ಮುಟ್ಟುವ ಕಪಾಟಿಗೆ ನುಸಿಗುಳಿಗೆ ಹಾಕುವುದು ಬೇಡವೇ ಬೇಡ.

ಕಟ್ಟಕಡೆಗೆ ರಿಜಿಸ್ಟರು. ಪುಸ್ತಕ ಮರಳಿಸುವಾಗ ಸಾರಾಂಶ ಬರೆಸುವ, ‘ಈ ಕಥೆಯ ನೀತಿಯೇನು?’ ಎಂದು ಕೇಳುವ ಪದ್ಧತಿ ಎಷ್ಟೋ ಕಡೆ ಇದೆ. ಅದರಿಂದ ಆಗುವುದು ಒಂದೇ, ಮುಂದಿನ ಸಲ ಮಕ್ಕಳು ಅತಿ ತೆಳ್ಳಗಿನ ಪುಸ್ತಕ ಹುಡುಕುತ್ತಾರೆ. ಅದರ ಬದಲು ತಾರೀಕಿನ ಪಕ್ಕ ಒಂದು ಕಾಲಂ ಗೆರೆ ಹಾಕಿ, ‘ಎಷ್ಟನೇ ಪುಟದಲ್ಲಿ ಬಿಟ್ಟೆ’ ಎಂದು ಬರೆಸಿ. ಮುಗಿಸಿದ್ದರೆ ಬರೀ ಒಂದು ಟಿಕ್. ಬಿಟ್ಟವರನ್ನು ಬಯ್ಯದಿದ್ದರೆ ನಿಜವನ್ನೇ ಬರೆಯುತ್ತಾರೆ. ಮೂವರು ಒಂದೇ ಪುಸ್ತಕವನ್ನು ಇಪ್ಪತ್ತನೇ ಪುಟದ ಒಳಗೆ ಬಿಟ್ಟಿದ್ದರೆ ಅದನ್ನು ಮೇಲಿನ ಕ್ಲಾಸಿನ ಟ್ರೇಗೆ ಹಾಕಿ. ಅಲ್ಲೂ ಅದೇ ಕಥೆಯಾದರೆ, ಬರುವ ವರ್ಷದ ಪಟ್ಟಿಯಿಂದ ಆ ಹೆಸರು ಹೊಡೆದುಹಾಕಿ.

— ಶಾಲಾ ಗ್ರಂಥಾಲಯಗಳ ಸ್ವಯಂಸೇವಕರು, ಉಡುಪಿ