ಕೇಳುವ ಕಾದಂಬರಿಗೂ ಕರಡು ತಿದ್ದುವವರು ಬೇಕು

ಮಾನ್ಯ ಸಂಪಾದಕರೇ,

ಕಾದಂಬರಿಯನ್ನು ಕಿವಿಯಿಂದ ಕೇಳಿದರೆ ಅದನ್ನು ಓದಿದೆವೆಂದು ಹೇಳಿಕೊಳ್ಳಬಹುದೇ ಎಂಬ ಬಗ್ಗೆ ತಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಕೆಲವು ವಾರಗಳಿಂದ ನಡೆದಿರುವ ಚರ್ಚೆಯನ್ನು ನನ್ನ ಮಗಳು ತಪ್ಪದೆ ಓದಿ ಹೇಳುತ್ತಿದ್ದಾಳೆ. ಆಡಿಯೊ ಪುಸ್ತಕವೆಂದರೆ ಸೋಮಾರಿಗಳ ಓದು ಎಂದು ಬರೆದ ಮಹನೀಯರ ಮೇಲೆ ನನಗೆ ಸಿಟ್ಟಿಲ್ಲ. ಮೂರು ವರ್ಷಗಳ ಹಿಂದೆ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಚರ್ಚೆಯಲ್ಲಿ ಇದುವರೆಗೆ ಯಾರೂ ಎತ್ತದ ಒಂದು ಸಂಗತಿಯಿದ್ದು, ಅದು ನನ್ನ ಕಸುಬಿಗೆ ಸಂಬಂಧಿಸಿದ್ದಾದ್ದರಿಂದ ಈ ದೀರ್ಘ ಪತ್ರಕ್ಕೆ ಕ್ಷಮೆ ಕೋರುತ್ತೇನೆ.

ಮೈಸೂರಿನ ಒಂದು ಮುದ್ರಣಾಲಯದಲ್ಲಿ ನಾನು 31 ವರ್ಷ ಕರಡು ತಿದ್ದಿದವನು. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಕರಡು ನೋಡುವುದು ಇಬ್ಬರ ಕೆಲಸವಾಗಿತ್ತು. ಕಾಪಿಹೋಲ್ಡರ್ ಎನಿಸಿಕೊಂಡವರು ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತ ಹೋಗುತ್ತಿದ್ದರು, ನಾನು ಗ್ಯಾಲಿಯ, ಅಂದರೆ ಮೊಳೆ ಜೋಡಿಸಿ ತೆಗೆದ ಕರಡಚ್ಚಿನ, ಮೇಲೆ ಕಣ್ಣಿಟ್ಟು ಹಿಂಬಾಲಿಸುತ್ತಿದ್ದೆ. ಅವರು ಮಾತನ್ನಷ್ಟೇ ಅಲ್ಲದೆ ಕಾಮಾ, ಫುಲ್‌ಸ್ಟಾಪ್, ಹೊಸ ಪ್ಯಾರಾ ಎಂಬುದನ್ನೆಲ್ಲ ಅದೇ ರಾಗದಲ್ಲಿ ಓದುತ್ತಿದ್ದರು. ನಾಯಕಿ ಪ್ರಾಣ ಬಿಡುತ್ತಿರುವಾಗಲೂ ‘ಕಾಮಾ’ ಎಂದು ಹೇಳಲೇಬೇಕಾದ ಆ ಓದನ್ನು ಕೇಳಿ ಹೊಸಬರು ನಗುತ್ತಿದ್ದರು. ನಮಗೆ ಅಭ್ಯಾಸವಾಗಿತ್ತು. ಹೀಗೆ ಎಷ್ಟೋ ಕಾದಂಬರಿಗಳು ಲೋಕದ ಕಣ್ಣಿಗೆ ಬೀಳುವ ಮೊದಲೇ ನನ್ನ ಕಿವಿಗೆ ಬಿದ್ದಿದ್ದರೂ ನಾನು ಅವನ್ನು ಕೇಳಿದ್ದೇನೆಂದು ಒಮ್ಮೆಯೂ ಭಾವಿಸಿರಲಿಲ್ಲವೆಂಬುದು ಈಗ ಆಶ್ಚರ್ಯವೆನಿಸುತ್ತದೆ.

ಅಕ್ಷಿಪಟಲದ ನಡುಭಾಗ ವಯಸ್ಸಿನಿಂದಾಗಿ ಸವೆದಿರುವುದರಿಂದ ನನ್ನ ಕಣ್ಣಿಗೆ ಈಗ ಪುಟದ ಅಂಚು ಕಾಣುತ್ತದೆ, ಓದಬೇಕೆಂದು ನೋಡಿದ ಪದ ಮಾತ್ರ ಕಾಣುವುದಿಲ್ಲ. ಜೀವಮಾನವಿಡೀ ಅಕ್ಷರ ಅಕ್ಷರವನ್ನೇ ದಿಟ್ಟಿಸಿದವನಿಗೆ ಇದು ಸರಿಯಾದ ಬಹುಮಾನವೆಂದು ನನ್ನ ಹೆಂಡತಿ ಹಾಸ್ಯ ಮಾಡುತ್ತಾಳೆ. ಓದು ನಿಂತ ಮೊದಲ ಆರು ತಿಂಗಳು ಕಳೆದ ಮೇಲೆ ಮಗಳು ಒಂದು ಉಪಾಯ ಮಾಡಿದಳು. ನನಗೆ ಪ್ರಿಯವಾದ ಕಾದಂಬರಿಗಳನ್ನು ದಿನಕ್ಕೆ ಮುಕ್ಕಾಲು ಗಂಟೆಯಂತೆ ಮೊಬೈಲ್‌ಗೆ ಓದಿ ತುಂಬತೊಡಗಿದಳು. ಮೊದಲು ಆರಿಸಿಕೊಂಡದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’.

1967ರಲ್ಲಿ ಪ್ರಕಟವಾದ, ಏಳುನೂರಕ್ಕೂ ಹೆಚ್ಚು ಪುಟಗಳ ಈ ಕಾದಂಬರಿಯನ್ನು ನಾನು ಯೌವನದಲ್ಲಿ ಎರಡು ಸಲ ಓದಿದ್ದೆ ಎಂದೇ ನಂಬಿದ್ದೆ. ಕೇಳುವಾಗ ತಿಳಿಯಿತು, ಮುಕುಂದಯ್ಯ ಮತ್ತು ಚಿನ್ನಮ್ಮನ ಕಥೆ ಏನಾಯಿತೆಂಬ ಆತುರದಲ್ಲಿ ಕಾಡು, ಏರು, ಇಳಿಜಾರು, ಮಳೆ ಇವೆಲ್ಲವನ್ನೂ ಹಾರಿಸಿಕೊಂಡು ಬಂದಿದ್ದೆನೆಂದು. ಕಣ್ಣಿಗೆ ಪುಟ ಹಾರಿಸುವ ಸ್ವಾತಂತ್ರ್ಯವಿದೆ. ಕಿವಿಗೆ ಅದು ಅಷ್ಟು ಸುಲಭವಲ್ಲ. ನಾಯಿಗುತ್ತಿ ತನ್ನ ನಾಯಿ ಹುಲಿಯನೊಂದಿಗೆ ನಡೆಯುವಾಗ ಅವನು ನಡೆದಷ್ಟು ಹೊತ್ತೂ ನಾನೂ ನಡೆಯಬೇಕಾಯಿತು, ಅವನು ನಿಂತಲ್ಲಿ ನಿಲ್ಲಬೇಕಾಯಿತು. ಇಲ್ಲಿ ಅವಸರ ಕೂಡ ಸಾವಧಾನವನ್ನೇ ಏರಿ ಹೊರಟಿದೆಯೆಂಬ ಅರ್ಥದ ಮಾತನ್ನು ಕವಿ ಕಾದಂಬರಿಯ ಬಾಗಿಲಲ್ಲೇ ಬರೆದಿಟ್ಟಿದ್ದನ್ನು ಎಷ್ಟು ಜನರಿಗೆ ನಾನೇ ಹೇಳಿಲ್ಲ! ಅದು ಮೈಗೆ ಹತ್ತಿದ್ದು ಮಾತ್ರ ಎಪ್ಪತ್ತು ದಾಟಿದ ಮೇಲೆ. 2010ರಲ್ಲಿ ನಮ್ಮ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದೇ ಕಾದಂಬರಿ ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆ ನಾಟಕವಾಗಿ ನಡೆದಾಗ ಕುಳಿತು ನೋಡಿದವರಲ್ಲಿ ನಾನೂ ಒಬ್ಬ. ಆ ರಾತ್ರಿ ಕಂಡ ಮಲೆನಾಡಿಗಿಂತ ಜಗಲಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳಿದ ಮಲೆನಾಡು ದಟ್ಟವಾಗಿತ್ತೆಂದರೆ ರಂಗಭೂಮಿಯ ಮಿತ್ರರು ನೊಂದುಕೊಳ್ಳಬಾರದು.

ಆದರೆ ಮೊದಲ ಹತ್ತು ದಿನ ಹಾಗಿರಲಿಲ್ಲ. ಮಗಳು ಮೈಸೂರಿನಲ್ಲಿ ಹುಟ್ಟಿ ಬೆಳೆದವಳು, ಅವಳ ಉಚ್ಚಾರದಲ್ಲಿ ತಪ್ಪು ಹುಡುಕುವುದು ಕಷ್ಟ; ಆದರೂ ಏನೋ ಒಣಗಿದಂತೆ ಕೇಳುತ್ತಿತ್ತು. ಆಗ ನಮ್ಮ ಮನೆಗೆ ಬಂದಿದ್ದ ಬೀಗಿತ್ತಿಯವರು, ಅಂದರೆ ಅವಳ ಅತ್ತೆ, ತೀರ್ಥಹಳ್ಳಿ ಸೀಮೆಯವರು. ಎರಡು ಸಂಜೆ ಸುಮ್ಮನೆ ಕೇಳಿದ ಅವರು ಮೂರನೆಯ ಸಂಜೆ, ‘ನಾಯಿಯನ್ನು ಹೀಗೆ ಕರೆದರೆ ಅದು ಬರುತ್ತದೇನಮ್ಮ?’ ಎಂದರು. ಮಗಳು ‘ಹುಲಿಯ’ ಎಂಬ ಹೆಸರನ್ನು ಪಾಠದಲ್ಲಿ ಬರುವ ನಾಮಪದದಂತೆ ಓದುತ್ತಿದ್ದಳು. ಅವರು ಕೊನೆಯ ಸ್ವರವನ್ನು ಗುಡ್ಡದಾಚೆಗೆ ಎಸೆದಂತೆ ಎಳೆದು ಕರೆದು ತೋರಿಸಿದರು. ಮಳೆಗೆ ತಲೆಯ ಮೇಲಿಂದ ಹೊದೆಯುವ ಕಂಬಳಿಕೊಪ್ಪೆ, ಗೊರಬು ಎಂಬ ಮಾತುಗಳು ಬಂದಾಗ ಓದು ನಿಲ್ಲಿಸಿ, ಎಲೆ ಹೊದಿಸಿದ ಗೊರಬಿನ ಮೇಲೆ ಮಳೆ ಬಿದ್ದರೆ ಒಳಗೆ ಬಾಗಿ ಸಸಿ ನೆಡುವವಳಿಗೆ ಯಾವ ಸದ್ದು ಕೇಳುತ್ತದೆಂದು ವಿವರಿಸಿದರು. ಅಂದಿನಿಂದ ಅವರು ಹಿಂದಿರುಗುವವರೆಗೆ, ಆಮೇಲೆ ದೂರವಾಣಿಯಲ್ಲಿ, ನಮ್ಮ ಧ್ವನಿಮುದ್ರಣಕ್ಕೆ ಅವರೇ ಕರಡು ತಿದ್ದುವವರಾದರು. ಮೊದಲ ಹತ್ತು ದಿನದ್ದನ್ನು ಅಳಿಸಿ ಮತ್ತೆ ಓದಿಸಿದೆವು. ಕೊನೆಯಲ್ಲಿ ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುವ ಭಾಗ ಬಂದಾಗ ಆ ಎಳೆದ ಕರೆ ಎಲ್ಲಿಯೋ ಹಿಂದಿನಿಂದ ಕೇಳಿದಂತಾಗಿ, ನಾನು ಅಂದು ಊಟಕ್ಕೆ ಏಳಲಿಲ್ಲ.

ಭೈರಪ್ಪನವರ ‘ಗೃಹಭಂಗ’ದ ಅನುಭವ ಬೇರೆಯೇ ಪಾಠ ಕಲಿಸಿತು. ನಾಯಕಿ ನಂಜಮ್ಮನ ಅತ್ತೆ ಗಂಗಮ್ಮನ ಬೈಗುಳಗಳನ್ನು ಕಣ್ಣಿನಲ್ಲಿ ಓದುವಾಗ ಸಂಕೋಚವಿಲ್ಲ, ಗಟ್ಟಿಯಾಗಿ ಓದುವಾಗ ಇದೆ. ಪಕ್ಕದ ಮನೆಯವರು ತಮ್ಮನ್ನೇ ಬೈಯುತ್ತಿದ್ದಾರೆಂದು ತಿಳಿದಾರೆಂದು ಮಗಳು ಕಿಟಕಿ ಹಾಕಿಕೊಂಡು ಓದಿದಳು. ಅಂಥ ಮನೆಯಲ್ಲಿದ್ದುಕೊಂಡು ನಂಜಮ್ಮ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರ ನಡೆಸುತ್ತಾಳೆ. ಅವಳು ಆಡುವ ಮಾತು ಎಷ್ಟು ಕಡಿಮೆಯೆಂಬುದು ಅತ್ತೆಯ ಕೂಗಾಟವನ್ನು ಕಿವಿಯಾರೆ ಕೇಳಿದಾಗಲೇ ನನ್ನ ಗಮನಕ್ಕೆ ಬಂದದ್ದು. ಪ್ಲೇಗಿಗೆ ನಂಜಮ್ಮನ ಮಕ್ಕಳಾದ ಪಾರ್ವತಿಯೂ ರಾಮಣ್ಣನೂ ಬಲಿಯಾಗುವ ಪುಟಗಳಲ್ಲಿ ಮಗಳ ಗಂಟಲು ಕಟ್ಟಿತು, ಅತ್ತುಕೊಂಡೇ ಓದಿ ಮುಗಿಸಿದಳು. ಮರುದಿನ ಅದನ್ನು ಕೇಳಿದ ನಾನು, ತಂದೆಗೆ ಸಲ್ಲದ ಕಠಿಣತೆಯಿಂದ, ಇನ್ನೊಮ್ಮೆ ಅಳದೆ ಓದಬೇಕೆಂದೆ. ಬರೆದವರು ಅಲ್ಲಿ ಅತ್ತಿಲ್ಲ; ಏನು ನಡೆಯಿತೋ ಅದನ್ನು ಹೇಳಿ ಮುಂದೆ ಹೋಗಿದ್ದಾರೆ. ಓದುವವರು ಮೊದಲೇ ಅತ್ತುಬಿಟ್ಟರೆ ಕೇಳುವವನಿಗೆ ಉಳಿಯುವುದೇನು? ಎರಡನೆಯ ಓದನ್ನು ಕೇಳುತ್ತ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿದ್ದು ನನಗೆ ಕೇಳಿಸಿತು. ಕೈ ನಿಂತದ್ದು ಕೇಳಿಸುತ್ತದೆಯೇ ಎಂದರೆ, ಕೇಳಿಸುತ್ತದೆ.

ತೇಜಸ್ವಿಯವರ ‘ಕರ್ವಾಲೊ’ಗೆ ಯಾವ ತಿದ್ದುಪಡಿಯೂ ಬೇಕಾಗಲಿಲ್ಲ. ಜೇನು ಸೊಸೈಟಿಯಲ್ಲಿ ಶುರುವಾಗಿ ಹಾರುವ ಓತಿಯ ಬೆನ್ನು ಹತ್ತಿ ಕಾಡು ಸೇರುವ ಆ ಬರವಣಿಗೆ, ಕಟ್ಟೆಯ ಮೇಲೆ ಕುಳಿತವರೊಬ್ಬರು ಹೇಳಿದಂತೆಯೇ ಇರುವುದರಿಂದ, ಓದುವವರು ಅಡ್ಡ ಬಾರದಿದ್ದರೆ ಸಾಕು. ಅದರಲ್ಲಿ ಬರುವ ನಾಯಿಯ ಹೆಸರು ‘ಕಿವಿ’ ಎಂಬುದನ್ನು ಈ ಚರ್ಚೆಯಲ್ಲಿ ನೆನೆಯದೆ ಇರಲಾರೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಮಾತ್ರ, 1984ರಲ್ಲಿ ಬಂದ ಹೊಸದರಲ್ಲಿ, ನಾನು ಎರಡು ಸಲ ಅರ್ಧಕ್ಕೆ ಕೆಳಗಿಟ್ಟಿದ್ದೆ. ಆಡುಮಾತನ್ನು ಹಾಗೆಹಾಗೆಯೇ ಹಿಡಿದಿಟ್ಟ ಆ ಅಕ್ಷರಗಳು ನನ್ನಂಥ ವೃತ್ತಿಯವನಿಗೆ ತಿದ್ದಬೇಕಾದ ತಪ್ಪುಗಳಂತೆ ಕಾಣುತ್ತಿದ್ದವು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ವಿದ್ವಾಂಸರಾದ ಎಲ್. ಬಸವರಾಜು ಅವರು ಆ ಗದ್ಯವನ್ನೇ ಸಾಲು ಮುರಿದು ಪದ್ಯರೂಪದಲ್ಲಿ ಜೋಡಿಸಿಕೊಟ್ಟಾಗಲೇ ಅದು ಕಿವಿಯ ಕೃತಿಯೆಂದು ನಾನು ಅರಿಯಬೇಕಿತ್ತು. ಚಾಮರಾಜನಗರ ಕಡೆಯವರಾದ, ಮಗಳ ಸಹೋದ್ಯೋಗಿಯೊಬ್ಬರು ಜೋತಮ್ಮಗಳು, ಅಂದರೆ ಮನೆಮನೆಯ ದೀಪಗಳ ಜೀವಗಳು, ರಾತ್ರಿ ಸೇರಿ ಮಾತಾಡಿಕೊಳ್ಳುವ ಭಾಗವನ್ನು ಓದಿಕೊಟ್ಟರು. ಪುಟದ ಮೇಲೆ ನನ್ನನ್ನು ಎಡವಿಸಿದ್ದ ಒಂದು ಪದವೂ ಅವರ ನಾಲಿಗೆಯಲ್ಲಿ ಎಡವಲಿಲ್ಲ.

ಇನ್ನು ನಾನು ಹಣ ಕೊಟ್ಟು ಕೊಂಡ ಧ್ವನಿಮುದ್ರಿಕೆಗಳ ಮಾತು. ಮಾರಿದವರ ಹೆಸರು ಇಲ್ಲಿ ಬೇಡ. ಕೆಲವು ನಿಜಕ್ಕೂ ಸೊಗಸಾಗಿವೆ, ಓದಿದವರಿಗೆ ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ. ಉಳಿದವುಗಳಲ್ಲಿ ಅಕಾರ ಹಕಾರ ಅದಲುಬದಲಾಗಿರುವುದು, ‘ಳ’ ಎಂಬ ಅಕ್ಷರವೇ ಇಲ್ಲವೆಂಬಂತೆ ಓದಿರುವುದು, ಕರಾವಳಿಯ ಮುದುಕಿಯೂ ಬಯಲುಸೀಮೆಯ ಪಟೇಲನೂ ಬೆಂಗಳೂರಿನ ಒಂದೇ ವಾರ್ತಾವಾಚಕರ ಧ್ವನಿಯಲ್ಲಿ ಮಾತಾಡುವುದು ಸಾಮಾನ್ಯ. ನಮ್ಮ ಭಾಷೆಯಲ್ಲಿ ‘ಅವಳು ಬಂದಳಲ್ಲ’ ಎಂಬ ಎರಡೇ ಪದಗಳ ಮಾತು ಸಂತೋಷವೂ ಹೌದು, ಬೇಸರವೂ ಹೌದು, ಬೆರಗೂ ಹೌದು. ಅಚ್ಚಿನಲ್ಲಿ ಅದಕ್ಕೆ ಒಂದು ಚುಕ್ಕೆಯಿಟ್ಟು ಲೇಖಕರು ಓದುಗರನ್ನು ನಂಬಿ ಬಿಡುತ್ತಾರೆ. ಗಟ್ಟಿಯಾಗಿ ಓದುವವರು ಮೂರರಲ್ಲಿ ಒಂದನ್ನು ಆರಿಸಲೇಬೇಕು, ಆರಿಸಬೇಕಾದರೆ ಹಿಂದಿನ ಅಧ್ಯಾಯವನ್ನು ಓದಿರಬೇಕು. ಓದಿಲ್ಲವೆಂಬುದು ಎಷ್ಟೋ ಕಡೆ ತಿಳಿದುಬಿಡುತ್ತದೆ. ಯಂತ್ರದ ಧ್ವನಿಯಿಂದ ಓದಿಸಿದ ಒಂದು ಕಾದಂಬರಿಯಲ್ಲಂತೂ ಗಂಡ ಹೆಂಡಿರ ಜಗಳ ರೈಲ್ವೆ ನಿಲ್ದಾಣದ ಪ್ರಕಟಣೆಯಂತಿತ್ತು. ಇದಕ್ಕಿಂತ ಕೆಟ್ಟದ್ದು, ನನಗೆ ಚೆನ್ನಾಗಿ ಗೊತ್ತಿದ್ದ ಒಂದು ಪುಸ್ತಕದ ಎರಡು ಇಡೀ ಅಧ್ಯಾಯಗಳೇ ಧ್ವನಿಯಲ್ಲಿ ಇರಲಿಲ್ಲ. ಇದು ಸಂಕ್ಷಿಪ್ತ ಆವೃತ್ತಿಯೆಂದು ಎಲ್ಲಿಯೂ ಹೇಳಿರಲಿಲ್ಲ.

ಅಚ್ಚಾದ ಪುಸ್ತಕದ ಮೊದಲ ಪುಟಗಳಲ್ಲಿ ಎಷ್ಟನೆಯ ಮುದ್ರಣ, ಯಾವ ಮುದ್ರಣಾಲಯ ಎಂಬುದೆಲ್ಲ ಇರುತ್ತದೆ. ತಪ್ಪು ಉಳಿದರೆ ಕೊನೆಯಲ್ಲಿ ತಪ್ಪು-ಒಪ್ಪುಗಳ ಪಟ್ಟಿ ಅಂಟಿಸುವ ಮರ್ಯಾದೆಯೂ ನಮ್ಮಲ್ಲಿತ್ತು. ಕೇಳುವ ಪುಸ್ತಕದ ಆರಂಭದಲ್ಲಿಯೂ ಯಾವ ಆವೃತ್ತಿಯಿಂದ ಓದಲಾಗಿದೆ, ಪೂರ್ತಿಯೋ ಸಂಕ್ಷಿಪ್ತವೋ, ಓದಿದವರು ಯಾರು, ಮೂಲದೊಡನೆ ಹೋಲಿಸಿ ಕೇಳಿ ತಿದ್ದಿದವರು ಯಾರು ಎಂದು ಒಂದು ನಿಮಿಷ ಹೇಳಿದರೆ ಯಾರ ಗಂಟೂ ಹೋಗುವುದಿಲ್ಲ. ಕಾದಂಬರಿ ಯಾವ ಸೀಮೆಯದೋ ಆ ಸೀಮೆಯವರೊಬ್ಬರನ್ನು ಕೂರಿಸಿಕೊಂಡು ಒಮ್ಮೆ ಕೇಳಿಸಿದರೆ ಸಾಕು. ನಮ್ಮ ಬೀಗಿತ್ತಿಯವರು ಕೇಳಿದ ಸಂಭಾವನೆ ದಿನಕ್ಕೆರಡು ಲೋಟ ಕಾಫಿ. ಕಾವ್ಯವನ್ನು ರಾಗವಾಗಿ ಓದುವ ಗಮಕದಲ್ಲಿ ಈ ಎಚ್ಚರ ನಮಗೆ ಹಿಂದಿನಿಂದ ಬಂದದ್ದೇ. ಕುಮಾರವ್ಯಾಸನನ್ನು ಒಬ್ಬರು ವಾಚಿಸಿ ಇನ್ನೊಬ್ಬರು ವ್ಯಾಖ್ಯಾನಿಸುವಾಗ ಪದ ಮುರಿದದ್ದು ತಪ್ಪಾದರೆ ಎದುರಿಗೆ ಕುಳಿತ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಗಮಕಿಗಳಿಗೆ ಅಷ್ಟೇ ಸಾಕಾಗಿತ್ತು. ಅಕ್ಷರ ಬಾರದ ನನ್ನ ಅಜ್ಜಿಗೆ ಅಭಿಮನ್ಯುವಿನ ಕಾಳಗ ಗೊತ್ತಿದ್ದದ್ದು ಹೀಗೆ ಕೇಳಿಯೇ. ಅವಳನ್ನು ಸೋಮಾರಿ ಎನ್ನುವ ಧೈರ್ಯ ಆ ಪತ್ರಲೇಖಕರಿಗೆ ಇರಲಾರದು.

ನನ್ನಂಥವರಿಗೆ ಕಾನೂನು ಅಡ್ಡ ಬರುವುದಿಲ್ಲ ಎಂಬುದನ್ನೂ ಪ್ರಕಾಶಕರ ಗಮನಕ್ಕೆ ತರಬಯಸುತ್ತೇನೆ. 2012ರ ತಿದ್ದುಪಡಿಯ ನಂತರ ನಮ್ಮ ಹಕ್ಕುಸ್ವಾಮ್ಯ ಕಾಯಿದೆ, ಅಂಗವೈಕಲ್ಯದಿಂದ ಅಚ್ಚಿನ ಪುಸ್ತಕ ಓದಲಾಗದವರಿಗಾಗಿ ಕೃತಿಯನ್ನು ಅವರಿಗೆ ಒಗ್ಗುವ ರೂಪದಲ್ಲಿ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಇದೇ ಉದ್ದೇಶದ 2013ರ ಮರಾಕೇಶ್ ಒಪ್ಪಂದವನ್ನು ಮರುವರ್ಷವೇ ಅನುಮೋದಿಸಿದ ಮೊದಲ ದೇಶ ನಮ್ಮದು. ಎಲ್ಲರಿಗೂ ಮಾರುವ ಆಡಿಯೊ ಪುಸ್ತಕಕ್ಕೆ ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು, ಅದು ನ್ಯಾಯ. ಆದರೆ ಲೇಖಕರು ತೀರಿಕೊಂಡ ವರ್ಷದಿಂದ 60 ವರ್ಷ ಕಳೆದ ಮೇಲೆ ಆ ತೊಡಕೂ ಇಲ್ಲ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ಬದುಕಿದ್ದಾಗ ಅವರು ಪ್ರಕಟಿಸಿದ ಕಾದಂಬರಿಗಳನ್ನು ಈಗ ಯಾರು ಬೇಕಾದರೂ ಓದಿ ಧ್ವನಿಮುದ್ರಿಸಬಹುದು. ಯಾರು ಬೇಕಾದರೂ ಎಂಬುದೇ ನನ್ನ ಭಯ.

ಈ ಪತ್ರವನ್ನು ನಾನು ಹೇಳಿದ್ದೇನೆ, ಮಗಳು ಬರೆದಿದ್ದಾಳೆ. ಕಾಮಾ, ಫುಲ್‌ಸ್ಟಾಪ್ ಸಮೇತ. ಕೊಂಡ ಧ್ವನಿಮುದ್ರಿಕೆಗಳ ಪೈಕಿ ಒಂದು ಕಾದಂಬರಿಗೆ, ಎಷ್ಟನೆಯ ನಿಮಿಷದಲ್ಲಿ ಯಾವ ತಪ್ಪು ಎಂದು ಗುರುತಿಸಿ 43 ತಪ್ಪುಗಳ ಪಟ್ಟಿಯನ್ನೂ ಅವಳಿಂದಲೇ ಬರೆಸಿ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಇಟ್ಟುಕೊಂಡಿದ್ದೇನೆ. ಅದನ್ನು ಹೊರತಂದವರು ಈ ಪತ್ರ ಓದಿ ತಮ್ಮದೇ ಇರಬಹುದೆಂದು ಅನುಮಾನಪಟ್ಟರೆ ತಮ್ಮ ಪತ್ರಿಕೆಯ ಕಚೇರಿಯ ಮೂಲಕ ಕೇಳಿ ಪಡೆಯಬಹುದು. ಅಂಚೆ ವೆಚ್ಚ ನನ್ನದೇ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕರಡು ತಿದ್ದುವವ, ಮೈಸೂರು